ಒಂದು ಮೊಬೈಲು, ಇಬ್ಬರು ಹುಡುಗಿಯರು

ಗೋಕಾಕದಿಂದ ಮೂಡಲಗಿ ಕಡೆಗೆ ಹೋಗುವ ದಾರಿಯಲ್ಲಿ, ಕಬ್ಬಿನ ಹೊಲಗಳ ನಡುವೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ಐದನೆಯ ತರಗತಿಯ ಇಬ್ಬರು ಹುಡುಗಿಯರು ಪಡಸಾಲೆಯ ಮೂಲೆಯಲ್ಲಿ ಅಕ್ಕೋರ ಮೊಬೈಲು ಹಿಡಿದು ಕೂತಿದ್ದರು. ಮಾತು ಕೇಳಿಸಿಕೊಂಡು ಅಕ್ಷರ ಮೂಡಿಸುವ ಸೌಲಭ್ಯ ಅದರಲ್ಲಿತ್ತು. ಒಬ್ಬಳು ಬಾಯಿ ಹತ್ತಿರ ಹಿಡಿದು ‘ಪೆನ್’ ಎಂದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ‘ಬೆನ್’ ಎಂದು ಬಂತು. ಮತ್ತೆ ಹೇಳಿದಳು, ಈ ಸಲ ಜೋರಾಗಿ. ಮತ್ತೆ ‘ಬೆನ್’.

“ಅಕ್ಕೋರ, ನಾ ಪೆನ್ ಅಂದ್ರ ಇದು ಬೆನ್ ಅಂತ ಬರೀತೈತಿ ನೋಡ್ರಿ!”

“ಸಾವಕಾಶ ಹೇಳ ಬೇ, ಒದರಬ್ಯಾಡ” ಎಂದು ಪಕ್ಕದವಳು ಮೊಬೈಲು ಕಸಿದುಕೊಂಡಳು. ಅವಳಿಗೂ ‘ಬೆನ್’ ಎಂದೇ ಬಂತು.

ಅಕ್ಕೋರು ಬಂದರು. ಹಳೆಯ ಪತ್ರಿಕೆಯ ಅಂಚಿನಿಂದ ಎರಡು ಬೆರಳಗಲದ ಚೂರು ಹರಿದು ಹುಡುಗಿಯ ತುಟಿಯ ಮುಂದೆ ಇಳಿಬಿಟ್ಟರು. “ಈಗ ಪಾಟಿ ಅನ್ನು” ಎಂದರು. ಹುಡುಗಿ ‘ಪಾಟಿ’ ಎಂದಳು. ಕಾಗದ ಅಲುಗಲಿಲ್ಲ. ಆಮೇಲೆ ತಾವೇ ಕಾಗದ ಹಿಡಿದು, ಇಂಗ್ಲಿಷಿನವರು ಹೇಳುವ ಹಾಗೆ ತುಟಿಯಿಂದ ಗಾಳಿ ಸಿಡಿಸಿ ‘ಪೆನ್’ ಎಂದರು. ಕಾಗದ ಪಟಕ್ಕನೆ ಹಾರಿ ಬಾಗಿತು. ಇಬ್ಬರೂ ಕಾಗದ ಕಿತ್ತುಕೊಂಡು ಊದತೊಡಗಿದರು. ಐದು ನಿಮಿಷದಲ್ಲಿ ಮೊಬೈಲಿನ ಪರದೆಯ ಮೇಲೆ ಸರಿಯಾದ ಪದ ಬಂತು. ಆಗಿನ ಕೂಗಾಟಕ್ಕೆ ಪಕ್ಕದ ಕೋಣೆಯ ಪಾಠವೇ ನಿಂತಿತು.

ಈ ಅಧ್ಯಾಯವೆಲ್ಲ ಆ ಕಾಗದದ ಚೂರು, ಆ ಮೊಬೈಲು ಮತ್ತು ಆ ಇಬ್ಬರು ಹುಡುಗಿಯರ ಬಗ್ಗೆ. ಮೂರರಲ್ಲಿ ಯಾವುದು ಇಲ್ಲದಿದ್ದರೂ ಆ ಪದ ಅಲ್ಲಿ ಮೂಡುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. ಮೂರರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಎರಡನೆಯ ಹುಡುಗಿ ಎಂಬುದಕ್ಕೆ ವಿಜ್ಞಾನದ ಸಾಕ್ಷಿಯೂ ಇದೆ.

ಮೊದಲು ಕಾಗದದ ಕಥೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟಿನ ಗೇಟು ಎತ್ತುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ‘ಪ’ ಎನ್ನುವಾಗ ತುಟಿಗಳು ಗೇಟಿನಂತೆ ಮುಚ್ಚಿಕೊಳ್ಳುತ್ತವೆ. ಹಿಂದೆ ಗಾಳಿ ಒತ್ತಿ ನಿಲ್ಲುತ್ತದೆ. ಗೇಟು ತೆರೆದ ಕೂಡಲೇ ಗಾಳಿ ನುಗ್ಗುತ್ತದೆ. ಅದರ ಬೆನ್ನಿಗೇ ಗಂಟಲಿನ ಧ್ವನಿತಂತುಗಳು ಮಿಡಿದು ಸ್ವರ ಹೊರಡುತ್ತದೆ. ತುಟಿ ತೆರೆದ ಗಳಿಗೆಗೂ ತಂತು ಮಿಡಿದ ಗಳಿಗೆಗೂ ನಡುವೆ ಎಷ್ಟು ಹೊತ್ತು ಎಂಬುದರಲ್ಲಿ ಇಡೀ ಗುಟ್ಟಿದೆ. ಲೀ ಲಿಸ್ಕರ್ ಮತ್ತು ಆರ್ಥರ್ ಅಬ್ರಮ್ಸನ್ ಎಂಬ ಅಮೆರಿಕದ ಧ್ವನಿವಿಜ್ಞಾನಿಗಳು 1964ರಲ್ಲಿ ಹನ್ನೊಂದು ಭಾಷೆಗಳಲ್ಲಿ ಈ ಅಂತರವನ್ನು ಅಳೆದರು. ನಮ್ಮ ನೆರೆಯ ಮರಾಠಿಯೂ ತಮಿಳೂ ಆ ಪಟ್ಟಿಯಲ್ಲಿದ್ದವು. ಇಂಗ್ಲಿಷಿನಲ್ಲಿ ಪದದ ಮೊದಲಿಗೆ ಬರುವ ‘ಪ’ಕ್ಕೆ ಸರಾಸರಿ 58 ಮಿಲಿಸೆಕೆಂಡು ಅಂತರ ಸಿಕ್ಕಿತು. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿ ಅದರಲ್ಲಿ 58 ಪಾಲು. ಮರಾಠಿಯ ಅಲ್ಪಪ್ರಾಣ ‘ಪ’ದಲ್ಲಿ ತುಟಿ ತೆರೆಯುವುದೂ ತಂತು ಮಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ಕನ್ನಡದ ‘ಪ’ವೂ ಅದೇ ಜಾತಿಯದು. ಕನ್ನಡದ ‘ಬ’ದಲ್ಲಾದರೆ ತುಟಿ ತೆರೆಯುವುದಕ್ಕೆ ಮುಂಚೆಯೇ ಗಂಟಲು ಮಿಡಿಯಲು ಶುರುವಾಗಿರುತ್ತದೆ.

ಆದರೆ ಇಂಗ್ಲಿಷಿನವರ ‘ಬ’ ಹಾಗಲ್ಲ. ಪದದ ಮೊದಲಿಗೆ ಬಂದಾಗ ಅವರ ‘ಬ’ದಲ್ಲೂ ಎಷ್ಟೋ ಸಲ ತುಟಿ, ತಂತು ಒಟ್ಟಿಗೇ ಹೊರಡುತ್ತವೆ. ಅಂದರೆ ಅವರ ‘ಬ’ ನಮ್ಮ ‘ಪ’ದ ಮನೆಯ ಪಕ್ಕದಲ್ಲೇ ಇದೆ. ಅವರ ‘ಪ’ ನಮ್ಮ ಮಹಾಪ್ರಾಣದ ಓಣಿಯಲ್ಲಿದೆ. ಹುಡುಗಿ ತಪ್ಪು ಹೇಳಿರಲಿಲ್ಲ, ಕನ್ನಡದ ‘ಪ’ವನ್ನು ಚೊಕ್ಕವಾಗಿ ಹೇಳಿದ್ದಳು. ಇಂಗ್ಲಿಷ್ ಕಿವಿಯ ಯಂತ್ರ ಅದನ್ನು ತನ್ನ ಲೆಕ್ಕದಲ್ಲಿ ‘ಬ’ ಎಂದು ಬರೆದುಕೊಂಡಿತ್ತು. ಇದು ಗೊತ್ತಿಲ್ಲದ ಶಿಕ್ಷಕರು ‘ಬರೋಬ್ಬರಿ ಹೇಳು’ ಎಂದು ಹತ್ತು ಸಲ ಹೇಳಿಸುತ್ತಾರೆ. ಮಗು ಹತ್ತು ಸಲವೂ ಕನ್ನಡದ ‘ಪ’ವನ್ನೇ ಇನ್ನಷ್ಟು ಜೋರಾಗಿ ಹೇಳುತ್ತದೆ. ಏನು ಬದಲಾಗಬೇಕು ಎಂದು ತೋರಿಸದೆ ಬರೀ ತಪ್ಪು ಎಂದರೆ ಮಗುವಿನ ಬಾಯಿ ಮುಚ್ಚಿಕೊಳ್ಳುತ್ತದೆ. ಅದು ನನಗೆ ತುಂಬ ನೋವಿನ ಸಂಗತಿ.

ಮಗುವಿಗೆ ಈ ವ್ಯತ್ಯಾಸ ಕೇಳಿಸುವುದೇ ಇಲ್ಲವೇಕೆ? 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳನ್ನು ಕೇಳಿಸಿದರು. ಇಂಗ್ಲಿಷಿನಲ್ಲಿ ಇವೆರಡೂ ಇಲ್ಲ. ಅವರ ‘ಟ’ ನಾಲಿಗೆ ಮಡಚದ, ಹಲ್ಲಿನ ಹಿಂದಿನ ಗಡ್ಡೆಗೆ ತಾಗುವ ಬೇರೆಯೇ ಧ್ವನಿ. ಆದರೂ ಆರರಿಂದ ಎಂಟು ತಿಂಗಳ ಕೂಸುಗಳು ‘ತ’ ಬೇರೆ, ‘ಟ’ ಬೇರೆ ಎಂದು ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಗುರುತು ಮಾಸಿಹೋಗಿತ್ತು. ಕಿವಿ ಕೆಟ್ಟದ್ದಲ್ಲ. ಮನೆಯ ಭಾಷೆಗೆ ಬೇಕಾದ ಗೆರೆಗಳನ್ನು ಮಿದುಳು ದಪ್ಪ ಮಾಡಿಕೊಂಡಿತು, ಬೇಡವಾದ ಗೆರೆಗಳನ್ನು ಅಳಿಸಿತು. ನಮ್ಮ ಮಕ್ಕಳಿಗೆ ‘ತ’-‘ಟ’ದ ಗೆರೆ ದಪ್ಪ. ಇಂಗ್ಲಿಷಿನಲ್ಲಿ ಪಶ್ಚಿಮ ದಿಕ್ಕಿಗೂ ಒಳಂಗಿಗೂ ಇರುವ ಎರಡು ಪದಗಳ ಮೊದಲ ಧ್ವನಿ ಬೇರೆಬೇರೆ, ಆದರೆ ನಾನು ಎರಡನ್ನೂ ಕನ್ನಡದಲ್ಲಿ ‘ವೆಸ್ಟ್’ ಎಂದೇ ಬರೆಯಬೇಕು. ನಮ್ಮ ಲಿಪಿಯಲ್ಲೂ ಕಿವಿಯಲ್ಲೂ ಆ ಗೆರೆ ಇಲ್ಲ.

ಅಳಿಸಿದ ಗೆರೆಯನ್ನು ಮತ್ತೆ ಎಳೆಯಲು ಬರುತ್ತದೆ. ಜಪಾನಿಯರಿಗೆ ಇಂಗ್ಲಿಷಿನ ‘ರ’-‘ಲ’ ಬೇರೆಬೇರೆ ಕೇಳಿಸುವುದು ಬಹಳ ಕಷ್ಟ. 1991ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಡೇವಿಡ್ ಪಿಸೋನಿ ಮತ್ತು ಸಂಗಡಿಗರು ಜಪಾನಿ ವಯಸ್ಕರಿಗೆ ಕಂಪ್ಯೂಟರಿನಿಂದ ಜೋಡಿ ಪದಗಳನ್ನು ಕೇಳಿಸಿ, ಯಾವುದು ಎಂದು ಒತ್ತಿಸಿ, ಸರಿಯೋ ತಪ್ಪೋ ಕೂಡಲೇ ಹೇಳಿದರು. ಹಾಗೆ ಕೆಲವು ವಾರ ಮಾಡಿದ ಮೇಲೆ ಕಿವಿ ಸುಧಾರಿಸಿತು. ಇದರಲ್ಲಿ ಮುಖ್ಯವಾದದ್ದು ಪದಗಳನ್ನು ಒಬ್ಬರ ಬಾಯಲ್ಲಿ ಕೇಳಿಸದೆ ಹಲವರ ಬಾಯಲ್ಲಿ ಕೇಳಿಸಿದ್ದು. ಒಂದೇ ದನಿ ಕೇಳಿದವರು ಆ ದನಿಯನ್ನು ಕಲಿಯುತ್ತಾರೆ, ಹಲವು ದನಿ ಕೇಳಿದವರು ಧ್ವನಿಯನ್ನು ಕಲಿಯುತ್ತಾರೆ. ಹಳ್ಳಿಯ ಶಾಲೆಯಲ್ಲಿ ಇಂಗ್ಲಿಷ್ ಆಡುವ ದನಿ ಒಂದೇ, ಶಿಕ್ಷಕರದು. ಮೊಬೈಲು ಆ ಕೊರತೆಯನ್ನು ನಿಜವಾಗಿ ತುಂಬಬಲ್ಲದು. ಗಂಡಸರು, ಹೆಂಗಸರು, ಮುದುಕರು, ಮಕ್ಕಳು ಹೀಗೆ ಇಪ್ಪತ್ತು ದನಿಗಳಲ್ಲಿ ಒಂದೇ ಜೋಡಿ ಪದ ಕೇಳಿಸುವುದು ಯಾವ ಒಬ್ಬ ಶಿಕ್ಷಕರಿಂದಲೂ ಆಗದ ಕೆಲಸ. ಕಿವಿಗೆ ಸಿಗದ್ದನ್ನು ಕಣ್ಣಿಗೆ ತೋರಿಸಲೂ ಅದಕ್ಕೆ ಬರುತ್ತದೆ. ಆಮ್‌ಸ್ಟರ್‌ಡ್ಯಾಮಿನ ಪಾಲ್ ಬೋರ್ಸ್ಮಾ ಮತ್ತು ಡೇವಿಡ್ ವೀನಿಂಕ್ ಬರೆದ ‘ಪ್ರಾಟ್’ ಎಂಬ ಉಚಿತ ತಂತ್ರಾಂಶವನ್ನು ಶಾಲೆಯ ಹಳೆಯ ಕಂಪ್ಯೂಟರಿಗೆ ಹಾಕಿಕೊಂಡರೆ ಸಾಕು. ‘ಪೆನ್’ ಎಂದಾಗ ಗಾಳಿಯ ಸಿಡಿತ ಒಂದು ಮುಳ್ಳಿನಂತೆ, ಅದರ ಬಳಿಕ ಉಸಿರಿನ ಸಣ್ಣ ಒರಟು ಗೆರೆಗಳ ಬಯಲು, ಆಮೇಲೆ ಸ್ವರದ ಅಲೆಗಳು ಮೂಡುವುದನ್ನು ಮಗು ಬೆರಳಿಟ್ಟು ತೋರಿಸಬಹುದು. ಆ ಬಯಲಿನ ಉದ್ದವೇ ಲಿಸ್ಕರ್ ಮತ್ತು ಅಬ್ರಮ್ಸನ್ ಅಳೆದ ಅಂತರ.

ಧ್ವನಿಯ ಮಾತಾಯಿತು, ಇನ್ನು ವಾಕ್ಯದ ಮಾತು. ನಮ್ಮ ಶಾಲೆಗಳ ಮಾತಿನಲ್ಲಿ ‘ದ್ವಿತೀಯ ಭಾಷೆ’ ಎಂದರೆ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್. ರಾಜ್ಯದಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಅದು ಶುರುವಾಗುತ್ತದೆ. ಆದರೆ ಗೋಕಾಕ, ಹುಕ್ಕೇರಿಗಳ ಉರ್ದು ಮಾಧ್ಯಮದ ಮಕ್ಕಳಿಗೆ ಕನ್ನಡವೇ ಕಲಿಯಬೇಕಾದ ಇನ್ನೊಂದು ಭಾಷೆ. ಗಡಿಯ ಮರಾಠಿ ಶಾಲೆಗಳಲ್ಲೂ ಅಷ್ಟೇ. 2018ರಲ್ಲಿ ಗೋಕಾಕದಿಂದ ಬೇರೆಯಾದ ಮೂಡಲಗಿಯೂ ಸೇರಿ ಈ ಮೂರೂ ತಾಲ್ಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯವು. ಅದರ ಒಂದು ಅಂಚು ಉದ್ದಕ್ಕೂ ಮಹಾರಾಷ್ಟ್ರ. ಸಂಕೇಶ್ವರದ ಸಂತೆಯಲ್ಲಿ ಮೆಣಸಿನಕಾಯಿ ಮಾರುವವರು ಗಿರಾಕಿಯ ಮುಖ ನೋಡಿ ಕನ್ನಡ, ಮರಾಠಿ, ಉರ್ದುವಿಗೆ ಹೊರಳುತ್ತಾರೆ. ಅವರಿಗೆ ಯಾರೂ ವ್ಯಾಕರಣ ಕಲಿಸಿಲ್ಲ.

ಇಲ್ಲಿಂದ ಬಹಳ ದೂರವಿಲ್ಲದ ಸಾಂಗಲಿ ಜಿಲ್ಲೆಯ ಕುಪವಾಡ ಭಾಷಾವಿಜ್ಞಾನದಲ್ಲಿ ಜಗತ್ಪ್ರಸಿದ್ಧ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಆ ಊರಿನ ಮಾತುಗಳನ್ನು ಅಭ್ಯಾಸ ಮಾಡಿ 1971ರಲ್ಲಿ ಬರೆದರು. ಆಗ ಅದು ಸುಮಾರು ಮೂರು ಸಾವಿರ ಜನರ ಹಳ್ಳಿ. ಜೈನರೂ ಲಿಂಗಾಯತರೂ ಕನ್ನಡ, ಮುಸಲ್ಮಾನರು ಉರ್ದು, ಉಳಿದ ಹಲವರು ಮರಾಠಿ ಆಡುತ್ತಿದ್ದರು. ನೂರಾರು ವರ್ಷ ಒಟ್ಟಿಗೆ ಬಾಳಿ ಈ ಭಾಷೆಗಳ ವಾಕ್ಯಗಳು ಒಂದೇ ಅಚ್ಚಿಗೆ ಬಿದ್ದಿದ್ದವು. ಪದಗಳು ಮಾತ್ರ ಬೇರೆ. ನಮ್ಮ ಕಡೆಯ ಮಾತಿನಲ್ಲೂ ಇದನ್ನು ಕೇಳಬಹುದು. ಕನ್ನಡದಲ್ಲಿ ‘ನಾ ಸಾಲಿಗಿ ಹೋಗತೇನಿ’, ಮರಾಠಿಯಲ್ಲಿ ‘ಮೀ ಶಾಳೇಲಾ ಜಾತೋ’, ಇಲ್ಲಿಯ ಉರ್ದುವಿನಲ್ಲಿ ‘ಮೈ ಇಸ್ಕೂಲ್‌ಕು ಜಾತೂಂ’. ಮೂರರಲ್ಲೂ ಮೊದಲು ನಾನು, ಆಮೇಲೆ ಸಾಲಿ, ಅದರ ಬಾಲಕ್ಕೆ ‘ಗೆ’, ಕೊನೆಗೆ ಹೋಗುವುದು. ಪದ ಬದಲಿಸಿದರೆ ಭಾಷೆ ಬದಲಾಯಿತು. ಇಂಗ್ಲಿಷಿನಲ್ಲಿ ‘ಐ ಗೋ ಟು ಸ್ಕೂಲ್’ ಎಂದಾಗ ಅಚ್ಚೇ ಮುರಿಯುತ್ತದೆ. ಹೋಗುವುದು ನಡುವೆ ಬಂತು, ‘ಗೆ’ ಬಾಲದಿಂದ ತಲೆಗೆ ಹಾರಿತು.

ಹುಕ್ಕೇರಿಯ ಮಗು ಇಂಗ್ಲಿಷಿನಲ್ಲಿ ತಡವರಿಸಿದರೆ ಅದಕ್ಕೆ ಭಾಷೆ ಹತ್ತುವುದಿಲ್ಲ ಎಂದು ಯಾರೂ ಹೇಳಬಾರದು. ಎರಡು ಮೂರು ಭಾಷೆ ಹತ್ತಿಸಿಕೊಂಡೇ ಅದು ಶಾಲೆಗೆ ಬಂದಿದೆ. ಅದಕ್ಕೆ ಹೊಸದು ಅಚ್ಚು. ಪದಕ್ಕೆ ಪದ ಹೊಂದಿಸುವ ಆಟಗಳೇ ತುಂಬಿದ ಎಷ್ಟೋ ಆ್ಯಪ್‌ಗಳು ಇಲ್ಲಿ ಕೆಲಸಕ್ಕೆ ಬಾರದಿರುವುದಕ್ಕೆ ಇದೇ ಕಾರಣ. ಸೇಬಿನ ಚಿತ್ರ ಒತ್ತಿದರೆ ಸೇಬಿನ ಇಂಗ್ಲಿಷ್ ಪದ ಬರುತ್ತದೆ, ವಾಕ್ಯ ಬರುವುದಿಲ್ಲ. ವಾಕ್ಯದ ಅಚ್ಚು ಮೂಡಬೇಕಾದರೆ ಮಗು ಯಾರಿಗಾದರೂ ಏನನ್ನಾದರೂ ಹೇಳಬೇಕಾಗಿ ಬರಬೇಕು.

ಕೆನಡಾದಲ್ಲಿ ಇದನ್ನು ದುಬಾರಿ ಬೆಲೆ ತೆತ್ತು ಕಲಿತರು. ಅಲ್ಲಿ ಇಂಗ್ಲಿಷ್ ಮನೆಯ ಮಕ್ಕಳಿಗೆ ವರ್ಷಗಟ್ಟಲೆ ಎಲ್ಲ ಪಾಠವನ್ನೂ ಫ್ರೆಂಚಿನಲ್ಲೇ ಮಾಡುವ ಶಾಲೆಗಳಿದ್ದವು. ಮಕ್ಕಳಿಗೆ ಕೇಳಿದ್ದು, ಓದಿದ್ದು ಚೆನ್ನಾಗಿ ತಿಳಿಯುತ್ತಿತ್ತು. ಬಾಯಿ ತೆರೆದರೆ ವಾಕ್ಯ ಸರಿಯಾಗಿ ಬರುತ್ತಿರಲಿಲ್ಲ. ಮೆರಿಲ್ ಸ್ವೇನ್ 1985ರಲ್ಲಿ ಕಾರಣ ಕೊಟ್ಟರು: ಮಕ್ಕಳು ಕೇಳಿದ್ದು ಹೆಚ್ಚು, ಆಡಿದ್ದು ಕಡಿಮೆ. ಅರ್ಥ ಮಾಡಿಕೊಳ್ಳಲು ಪದಗಳ ಸುಳಿವು ಸಾಕು, ಆಡಬೇಕಾದರೆ ಅಚ್ಚು ಬೇಕು. ನಮ್ಮ ಒಂದು ಅವಧಿಯ ಲೆಕ್ಕ ಹಾಕಿ ನೋಡಿ. ನಲವತ್ತು ನಿಮಿಷ, ನಲವತ್ತು ಮಕ್ಕಳು. ಶಿಕ್ಷಕರು ಒಂದು ಮಾತೂ ಆಡದೆ ಕೂತರೂ ತಲೆಗೆ ಒಂದು ನಿಮಿಷ. ಮಕ್ಕಳನ್ನು ಇಬ್ಬಿಬ್ಬರಂತೆ ಕೂರಿಸಿದರೆ ತಲೆಗೆ ಇಪ್ಪತ್ತು ನಿಮಿಷ. ಇದಕ್ಕಿಂತ ದೊಡ್ಡ ಸಲಕರಣೆಯನ್ನು ಯಾವ ಕಂಪನಿಯೂ ಮಾರುವುದಿಲ್ಲ.

ಈಗ ಎರಡನೆಯ ಹುಡುಗಿಯ ಸಾಕ್ಷಿ. ಸಿಯಾಟಲ್‌ನ ಪೆಟ್ರೀಶಿಯಾ ಕೂಲ್ 2003ರಲ್ಲಿ ಮಾಡಿದ ಪ್ರಯೋಗವನ್ನು ಪ್ರತಿ ಶಾಲೆಯ ಗೋಡೆಗೆ ಅಂಟಿಸಬೇಕು ಎಂದು ನನಗನ್ನಿಸುತ್ತದೆ. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಹನ್ನೆರಡು ಸಲ, ಒಂದೊಂದು ಸಲಕ್ಕೆ ಅರ್ಧ ಗಂಟೆಯೊಳಗೆ, ಚೀನೀ ಭಾಷೆಯನ್ನು ಕೇಳಿಸಿದರು. ಕೆಲವು ಕೂಸುಗಳ ಮುಂದೆ ಚೀನೀ ಮಾತಾಡುವವರೇ ಕೂತು ಆಟಿಗೆ ತೋರಿಸಿ, ಪುಸ್ತಕ ಓದಿ ಆಡಿಸಿದರು. ಇನ್ನು ಕೆಲವಕ್ಕೆ ಅದೇ ಜನ, ಅದೇ ಆಟಿಗೆ, ಅದೇ ಮಾತು ಟಿವಿಯಲ್ಲಿ. ಮತ್ತೆ ಕೆಲವಕ್ಕೆ ಬರೀ ದನಿ. ಎದುರಿಗೆ ಮನುಷ್ಯರಿದ್ದ ಕೂಸುಗಳು ಚೀನೀ ಧ್ವನಿಗಳ ವ್ಯತ್ಯಾಸವನ್ನು ಗುರುತಿಸಲು ಕಲಿತವು. ಟಿವಿ ನೋಡಿದವೂ ಬರೀ ಕೇಳಿದವೂ ಏನೂ ಕಲಿಯಲಿಲ್ಲ. ಕಿವಿಗೆ ಬಿದ್ದದ್ದು ಒಂದೇ, ಕಲಿತದ್ದು ಬೇರೆ.

ಹಾಗಾದರೆ ಪರದೆಗಳನ್ನೆಲ್ಲ ಬಿಸಾಡಬೇಕೆ? ಕೂಲ್ ಅವರೇ ಮುಂದೆ ಸಾರಾ ಲೈಟಲ್ ಮತ್ತು ಆ್ಯಡ್ರಿಯನ್ ಗಾರ್ಸಿಯಾ-ಸಿಯೆರಾ ಅವರೊಡನೆ 2018ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಈ ಸಲ ಕೂಸು ಪರದೆಯನ್ನು ಮುಟ್ಟಿದರೆ ಚೀನೀ ಮಾತಿನ ವಿಡಿಯೊ ತುಣುಕು ಓಡುತ್ತಿತ್ತು. ಕೆಲವು ಕೂಸುಗಳು ಒಂಟಿಯಾಗಿ ಕೂತವು, ಕೆಲವಕ್ಕೆ ಪಕ್ಕದಲ್ಲಿ ಇನ್ನೊಂದು ಕೂಸು. ಜೊತೆಯಿದ್ದ ಕೂಸುಗಳ ಮಿದುಳಿನ ಅಲೆಗಳಲ್ಲಿ ಹೊಸ ಧ್ವನಿಗಳನ್ನು ಕಲಿತ ಗುರುತು ಸಿಕ್ಕಿತು. ಅದೇ ಪರದೆ, ಅದೇ ವಿಡಿಯೊ, ಪಕ್ಕದಲ್ಲಿ ಇನ್ನೊಂದು ಜೀವ ಇದ್ದದ್ದಷ್ಟೇ ವ್ಯತ್ಯಾಸ.

ಒಂಬತ್ತು ತಿಂಗಳ ಕೂಸೂ ಹತ್ತು ವರ್ಷದ ಹುಡುಗಿಯೂ ಒಂದೇ ಅಲ್ಲ. ಹತ್ತು ವರ್ಷದವರು ಒಂಟಿಯಾಗಿಯೂ ಪರದೆಯಿಂದ ಎಷ್ಟೋ ಕಲಿಯುತ್ತಾರೆ. ಆದರೆ ಹಳ್ಳಿ ಶಾಲೆಗಳ ಬಗ್ಗೆ ನಾವು ಮಾತಾಡುವಾಗ ‘ಮಗುವಿಗೊಂದು ಟ್ಯಾಬು’ ಎಂಬುದನ್ನೇ ಗುರಿ ಮಾಡಿಕೊಂಡಿದ್ದೇವೆ. ಒಂದು ಮೊಬೈಲಿಗೆ ಇಬ್ಬರು ಎಂದರೆ ಬಡತನ ಎಂದುಕೊಂಡಿದ್ದೇವೆ. ಆ ಪಡಸಾಲೆಯಲ್ಲಿ ನಾನು ಕಂಡದ್ದು ಅದರ ತಿರುವುಮುರುವು. ಕಸಿದುಕೊಂಡದ್ದು, ‘ಸಾವಕಾಶ ಹೇಳ ಬೇ’ ಎಂದದ್ದು, ಇಬ್ಬರಿಗೂ ಒಂದೇ ತಪ್ಪು ಬಂದಾಗ ಇದು ನನ್ನೊಬ್ಬಳ ತಪ್ಪಲ್ಲ ಎಂಬ ಧೈರ್ಯ ಹುಟ್ಟಿದ್ದು, ಅದೆಲ್ಲ ಭಾಷೆ ಕಲಿಯುವ ಕೆಲಸವೇ. ಇಬ್ಬರ ಕೈಗೂ ಒಂದೊಂದು ಮೊಬೈಲು, ಕಿವಿಗೆ ಒಂದೊಂದು ಇಯರ್‌ಫೋನು ಕೊಟ್ಟಿದ್ದರೆ ಅವರ ನಡುವಿನ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಕಲಿಯುವವರ ಬಾಯಿಗೂ ಸರದಿ ಬೇಕು ಎಂಬುದು ಹಳೆಯ ತಂತ್ರಜ್ಞಾನದವರಿಗೆ ಗೊತ್ತಿತ್ತು. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ ಕೇಳಿ ಬೆಳೆದ ನಾಡು ನಮ್ಮದು. ರೇಡಿಯೊ ಒಮ್ಮುಖ, ಅದು ಹೇಳಿದ್ದನ್ನು ನಾವು ಕೇಳಬೇಕು. ಆದರೆ 1974ರಲ್ಲಿ ನಿಕರಾಗುವಾದಲ್ಲಿ ಗಣಿತಕ್ಕೆ, 1980ರ ದಶಕದ ಮೊದಲಲ್ಲಿ ಕೀನ್ಯಾದಲ್ಲಿ ಇಂಗ್ಲಿಷಿಗೆ ರೇಡಿಯೊ ಪಾಠ ರೂಪಿಸಿದವರು ಒಂದು ಸರಳ ಉಪಾಯ ಮಾಡಿದರು. ರೇಡಿಯೊ ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ. ಆ ಮೌನದಲ್ಲಿ ಇಡೀ ತರಗತಿ ಉತ್ತರ ಕೂಗುತ್ತದೆ. ಆಮೇಲೆ ರೇಡಿಯೊ ಸರಿ ಉತ್ತರ ಹೇಳುತ್ತದೆ. ಕರ್ನಾಟಕದಲ್ಲಿ ‘ಕೇಳಿ ಕಲಿ’, ‘ಚಿನ್ನರ ಚುಕ್ಕಿ’, ‘ಚುಕ್ಕಿ ಚಿನ್ನ’ ಎಂಬ ಕಾರ್ಯಕ್ರಮಗಳು ಬಂದಾಗ ತರಗತಿಗಳಲ್ಲಿ ಎದ್ದ ಗದ್ದಲ ಆ ಮೌನದಿಂದ ಹುಟ್ಟಿದ್ದು. ಕೆಲವು ಸೆಕೆಂಡುಗಳ ಮೌನವನ್ನು ಬೇಕೆಂದೇ ಧ್ವನಿಮುದ್ರಿಸುವುದು! ಭಾಷೆ ಕಲಿಸುವ ತಂತ್ರಜ್ಞಾನದಲ್ಲಿ ಇದಕ್ಕಿಂತ ಒಳ್ಳೆಯ ಶೋಧವನ್ನು ನಾನು ಕಂಡಿಲ್ಲ.

ಆಮೇಲೆ ಬಂದದ್ದೆಲ್ಲ ಚಿತ್ರದಲ್ಲಿ ಮುಂದೆ, ಮೌನದಲ್ಲಿ ಹಿಂದೆ. 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಉಪಗ್ರಹದ ಪಾಠಗಳು ಚಾಮರಾಜನಗರದ ಶಾಲೆಗಳಿಗೆ ತಲುಪಿದವು. 2020ರ ಕೋವಿಡ್ ಕಾಲದಲ್ಲಿ ಚಂದನ ವಾಹಿನಿಯ ‘ಸಂವೇದ’ ಮನೆಮನೆಗೆ ಬಂತು. ಪಠ್ಯಪುಸ್ತಕದ ಕ್ಯೂಆರ್ ಕೋಡು ಸ್ಕ್ಯಾನು ಮಾಡಿದರೆ ‘ದೀಕ್ಷಾ’ ಜಾಲತಾಣದ ವಿಡಿಯೊ ತೆರೆಯುತ್ತದೆ. ಅವುಗಳ ಉಪಕಾರ ದೊಡ್ಡದು. ಆದರೆ ಭಾಷೆಯ ಪಾಠದಲ್ಲಿ ಪರದೆ ಬಿಡುವಿಲ್ಲದೆ ಮಾತಾಡಿದರೆ ಮಗುವಿನ ಸರದಿ ಬರುವುದೇ ಇಲ್ಲ. ಅದಕ್ಕೆ ಪರಿಹಾರ ಸುಲಭ. ವಿಡಿಯೊದಲ್ಲಿ ಪ್ರಶ್ನೆ ಬಂದ ಕೂಡಲೇ ನಿಲ್ಲಿಸುವ ಗುಂಡಿ ಒತ್ತಿ, ಮಕ್ಕಳಿಂದ ಉತ್ತರ ಬಂದ ಮೇಲೆ ಮುಂದೆ ಓಡಿಸಿ. ನಿಲ್ಲಿಸುವ ಆ ಗುಂಡಿ ಶಿಕ್ಷಕರ ಕೈಯಲ್ಲೇ ಇದೆ.

ಮೊಬೈಲಿನ ಕಿವಿಯ ಬಗ್ಗೆಯೂ ಸ್ವಲ್ಪ ತಿಳಿದಿರಬೇಕು, ಏಕೆಂದರೆ ಅದನ್ನು ಪರೀಕ್ಷಕನೆಂದು ನಂಬುವ ಅಪಾಯವಿದೆ. ಮಾತು ಬರೆದುಕೊಳ್ಳುವ ಯಂತ್ರ ನಮ್ಮ ದನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 16,000 ಸಲ ಅಳೆಯುತ್ತದೆ. ಆ ಅಳತೆಗಳನ್ನು 25 ಮಿಲಿಸೆಕೆಂಡಿನ ಚೂರುಗಳಾಗಿ ನೋಡುತ್ತ, ಪ್ರತಿ ಚೂರಿನಲ್ಲಿ ಯಾವ ಏರಿನ ದನಿ ಎಷ್ಟಿದೆ ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕಕ್ಕೆ ಹೊಂದುವ ಅಕ್ಷರಗಳು ಯಾವುವು ಎಂದು ಊಹಿಸುತ್ತದೆ. ಕೊನೆಗೆ, ತಾನು ಹಿಂದೆ ಕಂಡ ಕೋಟಿಗಟ್ಟಲೆ ವಾಕ್ಯಗಳ ಅನುಭವದಿಂದ, ಇಂಥ ಪದದ ಬೆನ್ನಿಗೆ ಇಂಥ ಪದ ಬರುವುದು ಸಹಜ ಎಂದು ಊಹೆಯನ್ನು ತಿದ್ದಿಕೊಳ್ಳುತ್ತದೆ. ಸಂತೆಯ ಗದ್ದಲದಲ್ಲಿ ಅರ್ಧ ಕೇಳಿದ ಮಾತನ್ನು ನಾವು ಪೂರ್ತಿ ಮಾಡಿಕೊಳ್ಳುವ ಹಾಗೆ.

ಇದರಿಂದ ಶಾಲೆಯಲ್ಲಿ ಎರಡು ತೊಡಕು. ಯಂತ್ರ ಕಲಿತದ್ದು ಹೆಚ್ಚಾಗಿ ದೊಡ್ಡವರ ದನಿಯಿಂದ. ದೊಡ್ಡ ಗಂಡಸಿನ ಗಂಟಲಿನಿಂದ ತುಟಿಯವರೆಗಿನ ಕೊಳವೆ ಸುಮಾರು 17 ಸೆಂಟಿಮೀಟರ್, ಮಕ್ಕಳದು ಅದಕ್ಕಿಂತ ಗಿಡ್ಡ. ಪುಂಗಿ ಗಿಡ್ಡವಾದಷ್ಟೂ ದನಿ ಏರುವಂತೆ ಮಕ್ಕಳ ಸ್ವರಗಳ ಇಡೀ ಹಂದರವೇ ಮೇಲಕ್ಕೆ ಸರಿದಿರುತ್ತದೆ. ಹಾಗಾಗಿ ಮಗು ಸರಿಯಾಗಿ ಹೇಳಿದರೂ ಯಂತ್ರ ತಪ್ಪು ಬರೆಯಬಹುದು. ಎರಡನೆಯದು ಅದರ ತಿರುವುಮುರುವು. ಮಗು ಕ್ರಿಯಾಪದದ ಬಾಲ ನುಂಗಿ ‘ಹಿ ಗೋ ಟು ಮಾರ್ಕೆಟ್’ ಎಂದರೆ, ಯಂತ್ರ ತನ್ನ ಅನುಭವದಿಂದ ಅದನ್ನು ‘ಹಿ ಗೋಸ್’ ಎಂದು ತಿದ್ದಿ ಬರೆದುಬಿಡಬಹುದು. ಮಗು ತನ್ನ ವಾಕ್ಯ ಸರಿಯೆಂದು ನಂಬುತ್ತದೆ. ಒಂಟಿ ಪದಗಳಿಗೆ ಈ ಕಿವಿ ತಕ್ಕಮಟ್ಟಿಗೆ ಒಳ್ಳೆಯ ಕನ್ನಡಿ. ವಾಕ್ಯಗಳಿಗೆ ಅಕ್ಕೋರ ಕಿವಿಯೇ ಬೇಕು.

ಕನ್ನಡ ಕಲಿಯುವ ಉರ್ದು ಮಾಧ್ಯಮದ ಮಕ್ಕಳ ಕಷ್ಟ ಇನ್ನೊಂದು ಬಗೆಯದು. ಪುಸ್ತಕದಲ್ಲಿ ‘ಬರುವೆಯಾ’ ಇದೆ, ಗೋಕಾಕದ ಓಣಿಯಲ್ಲಿ ‘ಬರ್ತಿಯೇನೊ’ ಇದೆ. ಪುಸ್ತಕದ ‘ಶಾಲೆ’ ಓಣಿಯ ‘ಸಾಲಿ’. ಮಗುವಿಗೆ ಓಣಿಯ ಕನ್ನಡ ಆಗಲೇ ಬರುತ್ತದೆ, ಆದರೆ ಅದೂ ಕನ್ನಡವೇ ಎಂದು ಅದಕ್ಕೆ ಯಾರೂ ಹೇಳಿಲ್ಲ. ಯಂತ್ರಕ್ಕೂ ಹೇಳಿಲ್ಲ. ಅದಕ್ಕಾಗಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆಯಂಥ ಕೆಲಸಗಳು ಮುಖ್ಯ. ಜಿಲ್ಲೆಜಿಲ್ಲೆಯ ಜನರ ಸಹಜ ಮಾತನ್ನು ಅವರ ದನಿಯಲ್ಲೇ ಸಂಗ್ರಹಿಸಿ ಯಂತ್ರಕ್ಕೆ ಕಲಿಸುವ ಪ್ರಯತ್ನ ಅದು. ನಮ್ಮ ‘ಐತಿ’, ‘ಹೋಗತೇನಿ’ಗಳು ಅದರ ಕಿವಿಗೆ ಬೀಳದಿದ್ದರೆ ಇಲ್ಲಿಯ ಮಕ್ಕಳು ಅದರ ಎದುರು ತಮ್ಮ ಮನೆಯ ಮಾತನ್ನೇ ತಪ್ಪೆಂದು ತಿಳಿಯುತ್ತಾರೆ.

ಗೋಕಾಕ ಎಂದೊಡನೆ ಕನ್ನಡಿಗರಿಗೆ ಇನ್ನೊಂದು ಗೋಕಾಕ ನೆನಪಾಗುತ್ತದೆ. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು 1909ರಲ್ಲಿ ಸವಣೂರಿನಲ್ಲಿ, ಊರಿನ ಹೆಸರು ಮನೆತನದ್ದು. 1981ರ ಜನವರಿಯಲ್ಲಿ ಅವರ ಸಮಿತಿ ಕೊಟ್ಟ ವರದಿ ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದಿತು, ಮರುವರ್ಷ ಅದಕ್ಕಾಗಿ ನಾಡೇ ಬೀದಿಗಿಳಿಯಿತು. ಅದೇ ಗೋಕಾಕರು ಅದಕ್ಕೂ ಮುಂಚೆ ಹೈದರಾಬಾದಿನಲ್ಲಿ ಇಂಗ್ಲಿಷ್ ಕಲಿಸುವ ಶಿಕ್ಷಕರನ್ನು ತಯಾರು ಮಾಡುವ ಕೇಂದ್ರೀಯ ಸಂಸ್ಥೆಯ ನಿರ್ದೇಶಕರಾಗಿದ್ದವರು. ಕನ್ನಡದ ಕವಿ, ಇಂಗ್ಲಿಷಿನ ಪ್ರಾಧ್ಯಾಪಕ. ಎರಡನೆಯ ಭಾಷೆ ಮೊದಲನೆಯದರ ಶತ್ರು ಎಂದು ವಾದಿಸುವವರಿಗೂ, ಮೊದಲನೆಯದು ಎರಡನೆಯದಕ್ಕೆ ಅಡ್ಡಿ ಎನ್ನುವವರಿಗೂ ನಾನು ಅವರ ಬದುಕನ್ನೇ ತೋರಿಸುತ್ತೇನೆ.

ಕಲಿತದ್ದು ಮರೆತುಹೋಗುತ್ತದಲ್ಲ, ಅದಕ್ಕೇನು? ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳ ಉದ್ದುದ್ದ ಸಾಲುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯಿತು ಎಂದು ಅಳೆದು 1885ರಲ್ಲಿ ಪುಸ್ತಕ ಬರೆದರು. ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಸೋರಿಹೋಗಿತ್ತು. ಆದರೆ ನಡುನಡುವೆ ಬಿಡುವು ಕೊಟ್ಟು ಮರುಕಳಿಸಿದರೆ ಸೋರುವಿಕೆ ನಿಧಾನವಾಗುತ್ತಿತ್ತು. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಇದನ್ನೇ ಒಂದು ಪೆಟ್ಟಿಗೆಯಾಗಿ ಮಾಡಿದರು. ಇಂದಿನ ಆ್ಯಪ್‌ಗಳು ‘ಇವತ್ತಿನ ಪದಗಳು’ ಎಂದು ನೆನಪಿಸುವುದು ಅಂಥದೇ ಲೆಕ್ಕದಿಂದ.

ಆ ಪಡಸಾಲೆಯ ಅಕ್ಕೋರು ಆ್ಯಪನ್ನು ನೆಚ್ಚಿಕೊಂಡಿರಲಿಲ್ಲ. ಗೋಕಾಕದ ಕರದಂಟಿನ ಖಾಲಿ ಡಬ್ಬಿಗಳು ಐದನ್ನು ಸಾಲಾಗಿ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದರು. ಅಂಟಿನ, ಬೆಲ್ಲದ ವಾಸನೆ ಇನ್ನೂ ಅವುಗಳಿಂದ ಹೋಗಿರಲಿಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿದ ಚೀಟಿಗಳ ಒಂದು ಬದಿಗೆ ಚಿತ್ರ, ಇನ್ನೊಂದು ಬದಿಗೆ ಇಂಗ್ಲಿಷ್ ವಾಕ್ಯ. ಹೊಸ ಚೀಟಿ ಮೊದಲ ಡಬ್ಬಿಯಲ್ಲಿ, ಅದನ್ನು ದಿನಾ ತೆಗೆಯಬೇಕು. ಚಿತ್ರ ನೋಡಿ ವಾಕ್ಯ ಸರಿ ಹೇಳಿದರೆ ಚೀಟಿ ಎರಡನೆಯ ಡಬ್ಬಿಗೆ, ಅದು ಎರಡು ದಿನಕ್ಕೊಮ್ಮೆ. ಹೀಗೆ ಐದನೆಯದು ತಿಂಗಳಿಗೊಮ್ಮೆ. ತಪ್ಪಿದರೆ ಚೀಟಿ ಮತ್ತೆ ಮೊದಲ ಡಬ್ಬಿಗೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಉತ್ತರ ನೋಡುವ ಮುಂಚೆ ತಲೆಯಿಂದ ಎಳೆದು ತೆಗೆಯಬೇಕು. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ತೋರಿಸಿದಂತೆ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ ಒಮ್ಮೆ ಓದಿ ನೆನಪಿನಿಂದ ಹೊರತೆಗೆದವರಲ್ಲಿ ಒಂದು ವಾರದ ಮೇಲೆ ಹೆಚ್ಚು ಉಳಿದಿತ್ತು. ಕಿಟಕಿಯ ಬಳಿ ಚೀಟಿ ಎತ್ತಿ ತೋರಿಸುವವಳು ಒಬ್ಬಳು, ಹೇಳುವವಳು ಇನ್ನೊಬ್ಬಳು. ಅಲ್ಲೂ ಇಬ್ಬರೇ.

ಅದೇ ಅಕ್ಕೋರಿಗೆ ಹುಕ್ಕೇರಿ ಕಡೆಯ ಒಂದು ಉರ್ದು ಶಾಲೆಯಲ್ಲಿ ಗೆಳತಿಯೊಬ್ಬರಿದ್ದರು. ಇಬ್ಬರೂ ಸೇರಿ ಮಕ್ಕಳ ದನಿಯ ಸಂದೇಶಗಳನ್ನು ಮೊಬೈಲಿನಲ್ಲಿ ಕಳಿಸಿಕೊಳ್ಳತೊಡಗಿದ್ದರು. ಅಲ್ಲಿಯ ಮಕ್ಕಳು ಕನ್ನಡದಲ್ಲಿ ಕೇಳುತ್ತಿದ್ದರು, ಇಲ್ಲಿಯವರು ಇಂಗ್ಲಿಷಿನಲ್ಲಿ. ಆ ದಿನ ಬಂದಿದ್ದ ಸಂದೇಶದಲ್ಲಿ ಒಬ್ಬ ಹುಡುಗ ಒಂದೊಂದೇ ಪದ ಜೋಡಿಸಿ ಕೇಳಿದ್ದ, “ನಿಮ್ಮ ಊರಾಗ ಹೊಳಿ ಐತೇನ್ರಿ?” ಪುಸ್ತಕದ ಕನ್ನಡವಲ್ಲ, ಓಣಿಯದು. ಹುಡುಗಿಯರು ಅದನ್ನು ಮೂರು ಸಲ ಕೇಳಿದರು. “ನಮಗ ರೀ ಅಂತಾನ!” ಎಂದು ಒಬ್ಬಳು ನಾಚಿಕೊಂಡಳು. ಘಟಪ್ರಭೆಯ ಸುದ್ದಿಯನ್ನು ಕನ್ನಡದಲ್ಲಿ ಹೇಳಿದ ಮೇಲೆ ತಮ್ಮ ಪ್ರಶ್ನೆ ಕಳಿಸಬೇಕಿತ್ತು. ತಲೆಗೆ ತಲೆ ತಾಗಿಸಿ ಗುಸುಗುಸು ಮಾಡಿ ಒಂದು ವಾಕ್ಯ ಕಟ್ಟಿದರು: ‘ವಾಟ್ ಈಸ್ ದ ಪ್ರೈಸ್ ಆಫ್ ಎ ಪೆನ್ ಇನ್ ಯುವರ್ ವಿಲೇಜ್?’ ಒಬ್ಬಳು ಕಾಗದದ ಚೂರನ್ನು ಗೆಳತಿಯ ತುಟಿಯ ಮುಂದೆ ಹಿಡಿದಳು, ಇನ್ನೊಬ್ಬಳು ಗುಂಡಿ ಒತ್ತಿ ಹೇಳಿದಳು. ‘ಪ್ರೈಸ್’ನಲ್ಲಿ ಕಾಗದ ಹಾರಿತು, ‘ಪೆನ್’ನಲ್ಲಿ ಹಾರಲಿಲ್ಲ. ಅಳಿಸಿದರು, ಮತ್ತೆ ಹೇಳಿದರು. ಮೂರನೆಯ ಸಲ ಎರಡರಲ್ಲೂ ಹಾರಿತು. ಕಳಿಸಿದರು. ಆಟದ ಗಂಟೆ ಬಾರಿಸಿತು, ಅಂಗಳ ತುಂಬಿತು. ಅವರಿಬ್ಬರು ಮಾತ್ರ ಮೂಲೆ ಬಿಟ್ಟು ಏಳದೆ, ಹುಕ್ಕೇರಿಯಿಂದ ಬೆಲೆ ತಿಳಿಯುವುದನ್ನು ಕಾಯುತ್ತ ಪರದೆಯನ್ನೇ ನೋಡುತ್ತಿದ್ದರು.